ತಗ್ಗಿನ ಹೊಲಕ್ಕೆ ಹೊದಿಸಿದ ಕಂಬಳಿ

ನಮ್ಮ ಮನೆಯಲ್ಲಿ ಆಲೂಗಡ್ಡೆಗೆ ಮರ್ಯಾದೆ ಇರಲಿಲ್ಲ. ಅಜ್ಜಿಯ ಪ್ರಕಾರ ಅದು ತರಕಾರಿಯೇ ಅಲ್ಲ, ವಾಯು. ಯಾರ ಮದುವೆಯಲ್ಲಿ ಪಲ್ಯ ಬಡಿಸಿದರೂ ಎಲೆಯ ತುದಿಗೆ ತಳ್ಳಿ, ಪಕ್ಕದವರಿಗೂ ಕೇಳಿಸುವ ಹಾಗೆ "ವಾಯು, ವಾಯು" ಎನ್ನುತ್ತಿದ್ದಳು. ಅಂಥ ಮನೆಗೆ ನನ್ನ ಅಮ್ಮ ಹಾಸನದ ಕಡೆಯಿಂದ ಸೊಸೆಯಾಗಿ ಬಂದಳು. ಅವಳ ತವರಿನಲ್ಲಿ ಆಲೂಗಡ್ಡೆಯೇ ಬೆಳೆ, ಆಲೂಗಡ್ಡೆಯೇ ಸಾರು. ನಮ್ಮಲ್ಲಿ ರಾಗಿ, ಶೇಂಗಾ, ಈರುಳ್ಳಿ. ಅಮ್ಮನಿಗೆ ಸುಜಾತ ಅಂತ ಹೆಸರಿತ್ತು. ಆದರೆ ನಾನು ಹುಟ್ಟಿ ಶಾಲೆಗೆ ಹೋಗುವಷ್ಟಾದರೂ ಅಜ್ಜಿ ಅವಳನ್ನು ಕರೆಯುತ್ತಿದ್ದದ್ದು "ಗಡ್ಡೆ ಊರೋಳು" ಅಂತಲೇ. ಅಮ್ಮ ಅದಕ್ಕೆ ಮುಖ ಗಂಟು ಹಾಕಿಕೊಂಡಿದ್ದನ್ನು ನಾನು ಕಂಡಿಲ್ಲ. ಕೆಲಸ ಮಾಡುತ್ತಾ "ಬಂದೆ ಅತ್ತೆ" ಎನ್ನುತ್ತಿದ್ದಳು.

ಮನೆ ಐಮಂಗಲದಿಂದ ಒಳಗೆ, ಜೋಗಿಮಟ್ಟಿಯ ಬೆಟ್ಟ ದೂರಕ್ಕೆ ಕಾಣುವ ಕಡೆ. ಮಣ್ಣಿನ ಮಾಳಿಗೆ ಮನೆ. ಬಾಗಿಲು ದಾಟಿದರೆ ಮೊದಲು ಸಿಗುವುದು ದನಗಳು, ಆಮೇಲೆ ಮನುಷ್ಯರು. ಬಲಗಡೆ ದನಗಳು ನಿಲ್ಲುವ ಜಾಗ, ಎಡಗಡೆ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ನಾವು ಉಣ್ಣುವುದು, ಜಗಳ ಆಡುವುದು, ಮಲಗುವುದು ಎಲ್ಲ ಪಡಸಾಲೆಯಲ್ಲೇ. ಒಳಗೆ ಅಡುಗೆ ಕೋಣೆ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಒಲೆಯ ಪಕ್ಕ ಬೀಳುತ್ತಿತ್ತು, ಅದು ಗೋಡೆಯ ಮೇಲೆ ಎಲ್ಲಿಗೆ ಬಂತು ಅಂತ ನೋಡಿ ಅಜ್ಜಿ ಮುದ್ದೆಗೆ ಎಸರು ಇಡುತ್ತಿದ್ದಳು. ಪಡಸಾಲೆಯ ಗೋಡೆಯ ಮೇಲ್ಗಡೆ ಉದ್ದಕ್ಕೂ ಹಲಗೆಯ ನಾಗಂದಿಗೆ. ಅದರ ಒಂದು ತುದಿಯಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ಕರಿ ಕಂಬಳಿ. ನಾವು ಹೊದೆಯುವ ಕಂಬಳಿಗಳು ಬೇರೆ, ಅವು ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಇದು ಗದ್ದಿಗೆಯ ಕಂಬಳಿ. ಮದುವೆ, ನಾಮಕರಣ, ಮನೆದೇವರ ಪೂಜೆ ಏನಿದ್ದರೂ ಇದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೇಲೆ ಅಕ್ಕಿ ಹರವಿ, ಕಳಶ ಇಡಬೇಕು. ಹೊದೆಯುವ ಹಾಗಿಲ್ಲ, ದಾಟುವ ಹಾಗಿಲ್ಲ, ಕಾಲು ತಾಗಿಸುವ ಹಾಗಿಲ್ಲ. ಅಜ್ಜಿಯ ಮದುವೆಗೆ ಅವಳ ತವರಿನವರು ಕೊಟ್ಟದ್ದು. ಅಪ್ಪನ ಹೆಸರನ್ನೂ ನನ್ನ ಹೆಸರನ್ನೂ ಅದರ ಮುಂದೆಯೇ ಕರೆದದ್ದು. ಅಜ್ಜ ತೀರಿಕೊಂಡ ಮೇಲೆ ಮನೆಯಲ್ಲಿ ಅಜ್ಜಿಯ ಮಾತೇ ನಡೆಯುತ್ತಿತ್ತು. ಆ ಕಂಬಳಿಯ ವಿಷಯದಲ್ಲಂತೂ ಬೇರೆಯವರು ಬಾಯಿ ತೆರೆಯುವ ಹಾಗೇ ಇರಲಿಲ್ಲ.

ಜಗಳ ಇದ್ದದ್ದು ತಗ್ಗಿನ ಹೊಲದ ಮೇಲೆ. ಬಾವಿಯಿಂದ ಕೆಳಕ್ಕೆ ಇಳಿದರೆ ಬೋಗುಣಿಯ ಹಾಗೆ ಒಂದು ಚಿಕ್ಕ ಹೊಲ. ಎರೆಮಣ್ಣು. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಅಂತ ಅದನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆ ವರ್ಷ ಇಬ್ಬರು ನೋಡಿದರು. ಒಬ್ಬ ನನ್ನ ಚಿಕ್ಕಪ್ಪ ರುದ್ರೇಶ. ಹಿರಿಯೂರಿನಲ್ಲಿ ಇಟ್ಟಿಗೆ ಗೂಡು ನಡೆಸುವ ಬಾಷಾ ಸಾಬರು ಆ ಮಣ್ಣು ಚೆನ್ನಾಗಿದೆ, ಆಳಕ್ಕೆ ತೆಗೆಯುತ್ತೇನೆ ಅಂದಿದ್ದರು. ಇನ್ನೊಬ್ಬಳು ಅಮ್ಮ. ಮಳೆ ಮುಗಿದ ಮೇಲೆ ಅಲ್ಲಿ ಆಲೂಗಡ್ಡೆ ಹಾಕುತ್ತೇನೆ, ತವರಿನವರೆಲ್ಲರಿಗಿಂತ ಮೊದಲು ಕೀಳುತ್ತೇನೆ ಅಂದಳು. ಅವಳು ಆ ಮನೆಯಲ್ಲಿ ಬಾಯಿ ಬಿಟ್ಟು ಕೇಳಿದ ಮೊದಲ ವಸ್ತು ಅದು. ಅಪ್ಪ ಯಾವ ಕಡೆಯೂ ಮಾತಾಡಲಿಲ್ಲ. ಅವನು ಹಾಗೇ, ಯಾರಾದರೂ ಜೋರು ಮಾಡಿದರೆ ಎತ್ತಿನ ಮೈ ಉಜ್ಜಲು ಹೋಗುತ್ತಿದ್ದ. ತೀರ್ಮಾನ ಮಾಡಿದ್ದು ಅಜ್ಜಿ, ಮುದ್ದೆ ಮುರಿಯುತ್ತಾ.

"ಒಂದು ಬೆಳೆ ನೋಡಾಣ. ಬಂದ್ರೆ ಹೊಲ ಅವ್ಳು ನೋಡ್ಕಳ್ಳಿ. ಬರ್ಲಿಲ್ಲ ಅಂದ್ರೆ ಸಾಬ್ರು ಮಣ್ಣು ತಗೀಲಿ."

"ಅವ್ವ, ಅದು ಬರಲ್ಲ ಬಿಡು," ಅಂದ ಚಿಕ್ಕಪ್ಪ. "ನಮ್ಮ ಸೀಮೆನಾಗೆ ಗಡ್ಡೆ ಯಾರು ಬೆಳೆದವ್ರೆ?"

"ನಿನ್ ಮದುವೆನೂ ಆಗಲ್ಲ ಅಂತಿದ್ರು ಎಲ್ರು. ನಾನು ಹೆಣ್ಣು ನೋಡ್ತಾ ಇಲ್ವೇನು? ಸುಮ್ನೆ ಉಣ್ಣು."

ಹೊಲ ಒಂದು ಸಲ ಮಣ್ಣಿಗೆ ಹೋದರೆ ಹೋಯಿತು. ಗುಂಡಿ ಬಿದ್ದ ಜಾಗ ಮತ್ತೆ ಹೊಲ ಆಗುವುದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಸೋದರಮಾವ ಅಮ್ಮನ ತವರಿನಿಂದ ಬಿತ್ತನೆ ಗಡ್ಡೆಯ ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಅಮ್ಮ ಪಡಸಾಲೆಯಲ್ಲಿ ಈಳಿಗೆ ಮಣೆ ಇಟ್ಟುಕೊಂಡು, ಒಂದೊಂದು ಹೋಳಿಗೂ ಮೊಳಕೆ ಒಡೆಯುವ ಕಣ್ಣು ಇರುವ ಹಾಗೆ ಗಡ್ಡೆ ಕೊಯ್ದಳು. ನನಗೆ ಹೋಳುಗಳನ್ನು ಒಲೆಯ ಬೂದಿಯಲ್ಲಿ ಹೊರಳಿಸುವ ಕೆಲಸ. ಮನೆಯೆಲ್ಲ ಹಸಿಗಡ್ಡೆಯ ವಾಸನೆ ಅಂತ ಅಜ್ಜಿ ಮೂಗಿಗೆ ಸೆರಗು ಹಿಡಿದು ಓಡಾಡಿದಳು. ದೀಪಾವಳಿಯ ಹಿಂದೆಮುಂದೆ ನಾಟಿ ಆಯಿತು. ಗಿಡ ಬಂತು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಬಂತು. ದಪ್ಪ ಎಲೆ, ಕಪ್ಪುಹಸಿರು. ಅಮ್ಮ ದಿನಾ ಬೆಳಿಗ್ಗೆ ಬಾವಿಗೆ ಹೋದವಳು ಒಂದು ಸುತ್ತು ತಗ್ಗಿಗೆ ಇಳಿದೇ ಬರುತ್ತಿದ್ದಳು. ಬರುವಾಗ ಅವಳ ನಡಿಗೆಯೇ ಬೇರೆ ಇರುತ್ತಿತ್ತು.

ಗಿಡ ನನ್ನ ಮೊಣಕಾಲಿನ ಹತ್ತಿರಕ್ಕೆ ಬಂದಿದ್ದಾಗ ಆ ಚಳಿ ಬಂತು. ಮೋಡ ಇಲ್ಲ, ಗಾಳಿ ಇಲ್ಲ, ಆಕಾಶ ತೊಳೆದಿಟ್ಟ ಹಾಗೆ. ನಮ್ಮ ಕಡೆ ಚಳಿ ಅಂದರೆ ಬೆಳಿಗ್ಗೆ ಬಾಯಿಂದ ಹೊಗೆ ಬರುತ್ತದೆ, ಬಿಸಿಲು ಬಂದರೆ ಮುಗಿಯಿತು. ಇದು ಹಾಗಲ್ಲ. ಹಲ್ಲು ಉಜ್ಜುತ್ತಾ ಅಮ್ಮನ ಹಿಂದೆ ಹೋದೆ. ತಗ್ಗಿನಲ್ಲಿ ಗಿಡದ ಮೇಲೆಲ್ಲ ಯಾರೋ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ. ನಾನು ಬೆರಳು ಇಟ್ಟೆ. ಚುರುಕ್ ಅಂತು, ಆಮೇಲೆ ನೀರಾಯಿತು. ನನಗೆ ಖುಷಿ. ಅಮ್ಮ ಒಂದೊಂದೇ ಎಲೆ ಮಗುಚಿ ನೋಡುತ್ತಿದ್ದಳು. ಬಿಸಿಲು ಏರಿದ ಹಾಗೆ ಬಿಳಿ ಹೋಯಿತು. ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತು ಬಿದ್ದವು. ಎತ್ತುಗಳಿಗೆ ನೀರು ಕುಡಿಸುವ ಹೊತ್ತಿಗೆ ತಗ್ಗಿನ ನಡುಭಾಗ ಎಲ್ಲ ಕಪ್ಪು.

ಅಮ್ಮನಿಗೆ ಆಲೂಗಡ್ಡೆ ಗೊತ್ತಿತ್ತು, ಆದರೆ ಅವಳೂ ಗಿಡದ ಮೇಲೆ ಹಿಮ ಬಿದ್ದದ್ದು ಕಂಡವಳಲ್ಲ. ಅವಳಿಗೆ ಗೊತ್ತಿದ್ದದ್ದು ಅಂಗಮಾರಿ. ಅವಳು ಚಿಕ್ಕವಳಿದ್ದಾಗ ತವರಿನಲ್ಲಿ ಆ ರೋಗ ಬಂದು ಊರಿಗೆ ಊರೇ ಹೊಲ ಕಪ್ಪಾಗಿತ್ತಂತೆ. ಆಗ ಅವಳ ಅಪ್ಪ ಗಿಡ ಎಲ್ಲ ಕೊಯ್ದು ಬದುವಿನಲ್ಲಿ ಸುಟ್ಟಿದ್ದನಂತೆ. ರೋಗ ಗಡ್ಡೆಗೆ ಇಳಿಯಬಾರದು ಅಂತ. ಅಮ್ಮನೂ ಅದೇ ಮಾಡಲು ಹೊರಟಳು. ಮನೆಗೆ ಬಂದು ಕುಡುಗೋಲು ತಗೊಂಡಳು, ಬೆಂಕಿಪೊಟ್ಟಣ ಸೆರಗಿಗೆ ಕಟ್ಟಿಕೊಂಡಳು. ಅಪ್ಪ ಹಿಂದೆ ಹೋದ. ಚಿಕ್ಕಪ್ಪ ಬದುವಿನ ಮೇಲೆ ನಿಂತ.

"ಅತ್ತಿಗೆ, ಬೇಜಾರು ಮಾಡ್ಕಬ್ಯಾಡ. ನಾನು ಆವತ್ತೇ ಹೇಳಿದ್ದೆ. ಸಾಬ್ರಿಗೆ ಫೋನ್ ಮಾಡ್ಲಾ?"

"ನೀನು ಸ್ವಲ್ಪ ಬಾಯಿ ಮುಚ್ಚೋ," ಅಂದ ಅಪ್ಪ. ಅಪ್ಪ ಅಷ್ಟು ಅಂದದ್ದೇ ನನಗೆ ಆಶ್ಚರ್ಯ.

ಅಮ್ಮ ಒಂದು ಸಾಲು ಬುಡಕ್ಕೇ ಕೊಯ್ದು ಮುಗಿಸಿದ್ದಳು. ಅಷ್ಟರಲ್ಲಿ ಮೇಲಿನಿಂದ ಅಜ್ಜಿಯ ದನಿ. ತಗ್ಗಿನ ಅಂಚಿನಲ್ಲೇ ನಮ್ಮ ತಿಪ್ಪೆ. ಅದರ ಮೇಲೆ ಅಜ್ಜಿ ಕುಂಬಳದ ಬಳ್ಳಿ ಹಬ್ಬಿಸಿದ್ದಳು. ಅವಳು ಒಂದು ಕಪ್ಪುಬಳ್ಳಿಯನ್ನು ಸತ್ತ ಹಾವಿನ ಹಾಗೆ ಎತ್ತಿ ಹಿಡಿದುಕೊಂಡು, ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು ಇಳಿದು ಬಂದಳು.

"ಏನೇ ಗಡ್ಡೆ ಊರೋಳೆ! ನಿನ್ನ ಗಡ್ಡೆ ರೋಗ ನನ್ನ ಕುಂಬಳಕ್ಕೂ ಹತ್ತಿಸಿದ್ಯಲ್ಲೇ! ನೋಡಿಲ್ಲಿ! ಸಂಕ್ರಾಂತಿಗೆ ಅಂತ ಕಾಯಿ ಬಿಟ್ಟಿದ್ದೆ. ಹರಳು ಗಿಡನೂ ಸುಟ್ಟೋಗೈತೆ. ತಗ್ಗಿನಾಗೆ ಒಂದು ಹಸ್ರು ಉಳಿಸಿಲ್ಲ ನೀನು!"

ಅಮ್ಮ ಬಗ್ಗಿದ್ದವಳು ಎದ್ದು ನಿಂತಳು. ಬೈಗುಳ ಕೇಳಿ ಅಳುತ್ತಾಳೆ ಅಂದುಕೊಂಡೆ. ಅವಳು ಬಳ್ಳಿ ಇಸಿದುಕೊಂಡು ಎಲೆ ಬಿಡಿಸಿ ನೋಡಿದಳು. ಆಮೇಲೆ ಕುಡುಗೋಲು ಬಿಸಾಕಿ ತಿಪ್ಪೆಗೆ ಓಡಿದಳು, ಅಲ್ಲಿಂದ ಹರಳು ಗಿಡಕ್ಕೆ, ಅಲ್ಲಿಂದ ಬಾವಿಯ ಪಕ್ಕದ ಎತ್ತರದ ಸಾಲುಗಳಿಗೆ. ಅಲ್ಲಿ ಆಲೂಗಡ್ಡೆ ಗಿಡ ಹಸಿರಾಗೇ ಇತ್ತು, ಒಂದು ಚುಕ್ಕೆ ಇಲ್ಲ. ವಾಪಸ್ಸು ಬಂದು ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು.

"ಅತ್ತೆ, ಅಂಗಮಾರಿ ಕುಂಬಳಕ್ಕೂ ಹರಳಿಗೂ ಒಟ್ಟಿಗೆ ಬರಲ್ಲ ಅತ್ತೆ. ಇದು ರೋಗ ಅಲ್ಲ."

"ಮತ್ತೆ ನಿಮ್ಮಪ್ಪ ಬಂದು ಸುಟ್ನೇನು?"

"ಚಳಿ ಅತ್ತೆ. ಚಳಿ ಸುಟ್ಟದೆ. ತಗ್ಗಿರೋ ಕಡೆ ಮಾತ್ರ ಸುಟ್ಟದೆ, ನೋಡಿ."

ಅಮ್ಮ ಕುಳಿತು ಒಂದು ಕಪ್ಪುಗಿಡದ ಬುಡದ ಮಣ್ಣು ಕೆರೆದಳು. ಮೇಲೆ ಎಲ್ಲ ಕೊಳೆತ ಹಾಗೆ, ಮಣ್ಣೊಳಗಿನ ಕಾಂಡ ಮಾತ್ರ ಗಟ್ಟಿಯಾಗಿ ಬಿಳಿ. ನನ್ನ ಬೆರಳು ಹಿಡಿದು ಉಗುರನ್ನು ಅದಕ್ಕೆ ಒತ್ತಿದಳು. ರಸ ಬಂತು. "ಜೀವ ಇದೆ ತಿಪ್ಪೇಶಿ," ಅಂದಳು. ಅವಳ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮೂಗಿನ ತುದಿಯಲ್ಲಿ ಮಣ್ಣು, ಕಣ್ಣಲ್ಲಿ ನೀರು, ನಗು. ಅಜ್ಜಿ ಬೈಯಲು ಬಂದವಳು ಏನು ಮಾಡಬೇಕೋ ತಿಳಿಯದೆ "ನನ್ ಕುಂಬಳಕಾಯಿ ಯಾರು ಕೊಡ್ತಾರೆ?" ಅಂತ ಕೇಳಿ ತಿಪ್ಪೆಯ ಕಡೆ ಹೊರಟಳು.

ಕಪ್ಪು ಎಲೆ ಕೀಳಬಾರದು, ಹೊಸ ಚಿಗುರು ಬರುವ ತನಕ ಅದೇ ಚಿಗುರಿಗೆ ಮರೆ ಅಂತ ಅಮ್ಮ ಅಂದಾಜು ಮಾಡಿದಳು. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಆದರೆ ಚಳಿ ಹೋಗಿರಲಿಲ್ಲ. ಸಂಜೆಯೂ ಆಕಾಶ ಹಾಗೇ ತೊಳೆದಿಟ್ಟ ಹಾಗಿತ್ತು. ಇನ್ನೊಂದು ಏಟು ಬಿದ್ದರೆ ಬುಡವೂ ಹೋಗುತ್ತದೆ. ಕರೆಂಟು ಬಂದ ತಕ್ಷಣ ಅಪ್ಪ ಮೋಟಾರು ಹಾಕಿ ಸಾಲುಗಳಿಗೆ ನೀರು ಬಿಟ್ಟ. ಬಾವಿಯ ನೀರು ಚಳಿಯಲ್ಲಿ ಬೆಚ್ಚಗಿರುತ್ತದೆ, ಅದರಿಂದ ಹಬೆ ಏಳುವುದು ಕಾಣುತ್ತಿತ್ತು. ಸಾಲಿನ ಮಣ್ಣು ಎಳೆದು ಬುಡಕ್ಕೆ ಏರಿಸಿದೆವು. ಇನ್ನು ಮುಚ್ಚಬೇಕು. ಯಾವುದರಿಂದ? ರಾಗಿಹುಲ್ಲು ದನಕ್ಕೆ, ಬಣವೆಗೆ ಕೈ ಹಾಕಬಾರದು ಅಂತ ಅಜ್ಜಿ ಮೊದಲೇ ಹೇಳಿಬಿಟ್ಟಳು. ಗೋಣಿಚೀಲ ಇದ್ದಷ್ಟು ಹೊತ್ತು ತಂದೆವು. ಸಾಲಲಿಲ್ಲ. ಆಗ ಅಮ್ಮ ಪಡಸಾಲೆಯ ಮೂಲೆಯಿಂದ ತಾನು ಹೊದೆಯುವ ಕಂಬಳಿ ತಗೊಂಡು ಹೊರಟಳು. ಅದರ ಹಿಂದೆ ನನ್ನದು. ಅಪ್ಪ ತನ್ನದನ್ನು ತಾನೇ ಹೊತ್ತ. ತೊಗರಿಕಡ್ಡಿ ನೆಟ್ಟು, ಗಿಡಕ್ಕೆ ಭಾರ ಬೀಳದ ಹಾಗೆ ಮೇಲೆ ಹರವಿದೆವು. ಚಿಕ್ಕಪ್ಪ ಬಾಗಿಲಲ್ಲಿ ತನ್ನ ಕಂಬಳಿ ಅವುಚಿಕೊಂಡು ನಿಂತಿದ್ದ.

"ಅತ್ತಿಗೆ, ನಂದು ಮುಟ್ಬ್ಯಾಡ. ಬೇಕಿದ್ರೆ ಇದು ತಗೋ."

ಅವನು ಕೊಟ್ಟದ್ದು ಒಂದು ದೊಡ್ಡ ಫ್ಲೆಕ್ಸ್. ಹೋದ ಚುನಾವಣೆಯಲ್ಲಿ ಅವನು ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿಸಿದ್ದು. ಒಬ್ಬ ಮುಖಂಡರು ಕೈಮುಗಿದು ನಗುತ್ತಿದ್ದರು, ಕೆಳಗಡೆ ಮೂಲೆಯಲ್ಲಿ ಚಿಕ್ಕಪ್ಪನ ಫೋಟೋ. ಮುಖಂಡರ ಮುಖ ಮೇಲೆ ಬರುವ ಹಾಗೆ ಹಾಸಬೇಕು ಅಂತ ಅವನು ಷರತ್ತು ಹಾಕಿದ.

"ಹಾಕೋ, ಮೇಲೆ ಹಾಕೋ," ಅಂದಳು ಅಜ್ಜಿ. "ಓಟು ತಗಂಡು ಹೋದ್ಮೇಲೆ ಇವತ್ತೇ ಅವಯ್ಯ ನಮ್ಮೂರಿಗೆ ಒಂದು ಕೆಲ್ಸ ಮಾಡ್ತಿರಾದು."

ಅಷ್ಟಾದರೂ ತಗ್ಗಿನ ತೀರಾ ತಳದ ಸಾಲುಗಳು ಬಯಲಾಗೇ ಉಳಿದವು. ಚಳಿ ಮೊದಲು ಹೋಗಿ ಕೂರುವುದು ಅಲ್ಲೇ. ಇನ್ನೇನಾದರೂ ಸಿಗುತ್ತದಾ ಅಂತ ಮನೆಗೆ ಬಂದಾಗ ನಾನು ನಾಗಂದಿಗೆ ಕಡೆ ಬೆರಳು ಮಾಡಿದೆ. ನನಗೆ ಅದು ದೊಡ್ಡ ವಿಷಯ ಅನ್ನಿಸಲಿಲ್ಲ, ಕಂಬಳಿ ಇದೆ, ಗಿಡಕ್ಕೆ ಚಳಿ ಆಗಿದೆ.

"ಅಜ್ಜಿ, ಅಲ್ಲೊಂದು ಸುಮ್ನೆ ಬಿದ್ದೈತಲ್ಲ."

ಅಜ್ಜಿ ತಲೆಗೆ ಒಂದು ಮೊಟಕಿದಳು. "ಗದ್ದಿಗೆ ಕಂಬ್ಳಿ ಕಣೋ ಅದು! ಸುಮ್ನೆ ಬಿದ್ದೈತಂತೆ! ಮಣ್ಣಾಗೆ ಹಾಕ್ತಾನಂತೆ!" ಅಮ್ಮ ನನ್ನ ಕೈ ಹಿಡಿದು ಎಳೆದುಕೊಂಡಳು. "ಅದು ಬೇಡಪ್ಪ," ಅಂದಳು, ಅಷ್ಟೆ. ನಾಗಂದಿಗೆ ಕಡೆ ತಲೆಯೆತ್ತಿಯೂ ನೋಡಲಿಲ್ಲ.

ನಾವು ಆವತ್ತು ಪಡಸಾಲೆಯ ಮೆಟ್ಟಿಲಿಳಿದು ದನಗಳ ಪಕ್ಕ ಶೇಂಗಾಹೊಟ್ಟಿನ ಮೇಲೆ ಮಲಗಿದೆವು. ಹಸುವಿನ ಹೊಟ್ಟೆ ಒಲೆಯ ಹಾಗೆ ಬೆಚ್ಚಗಿತ್ತು. ನನಗೆ ಅಷ್ಟು ಒಳ್ಳೆಯ ನಿದ್ದೆ ಆಮೇಲೆ ಯಾವ ಹಾಸಿಗೆಯಲ್ಲೂ ಬಂದಿಲ್ಲ. ಚಿಕ್ಕಪ್ಪ ಒಬ್ಬನೇ ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ. ಆಮೇಲೆ ಅವನಿಗೂ ಏನನ್ನಿಸಿತೋ, ಬೆಳಿಗ್ಗೆ ಎದ್ದು ನೋಡಿದರೆ ಆ ಕಂಬಳಿ ನನ್ನ ಮತ್ತು ಅಮ್ಮನ ಮೇಲಿತ್ತು, ಅವನು ಕರುವಿನ ಪಕ್ಕ ಮುದುಡಿಕೊಂಡಿದ್ದ.

ಹೊದಿಕೆ ತೆಗೆಯಲು ಅಮ್ಮ ಹೊರಟಾಗ ಅಜ್ಜಿಯೂ ಬಂದಳು. ಅಪ್ಪನ ಕಂಬಳಿಯ ಮೇಲೆ ಬಿಳಿ ಕೂತಿತ್ತು. ಅಜ್ಜಿ ಅದನ್ನು ಕೈಯಿಂದ ಸವರಿ, ಒಂದು ಅಂಚು ಎತ್ತಿ, ಒಳಗೆ ಕೈ ಹಾಕಿದಳು. ಒಳಗೆ ಒಣಗಿತ್ತು, ಬೆಚ್ಚಗಿತ್ತು. ಸುಟ್ಟ ಗಿಡದ ಬುಡದಲ್ಲಿ ಸಾಸಿವೆಯಷ್ಟು ಹಸಿರು ಮೊಳಕೆ ಕಾಣುತ್ತಿತ್ತು. ಆಮೇಲೆ ತಳದ ಸಾಲುಗಳ ಹತ್ತಿರ ಹೋಗಿ ನಿಂತಳು. ಅಲ್ಲಿ ಕಾಂಡವೂ ಬಾಗಿತ್ತು. ಅಜ್ಜಿ ಮನೆಗೆ ಹೋದಳು. ಆವತ್ತೆಲ್ಲ ಯಾರನ್ನೂ ಬೈಯಲಿಲ್ಲ. ಹುರುಳಿಕಟ್ಟಿನ ಸಾರಿಗೆ ಉಪ್ಪು ಹಾಕುವುದನ್ನೂ ಮರೆತಳು. ಚಿಕ್ಕಪ್ಪ ಅದನ್ನು ಹೇಳಿದ್ದಕ್ಕೂ ಬೈಯಲಿಲ್ಲ.

ಸಂಜೆ ನಾವು ಮತ್ತೆ ಚೀಲ, ಕಂಬಳಿ, ಮುಖಂಡರನ್ನು ಹರವುತ್ತಿದ್ದೆವು. ಈ ಸಲ ಚಿಕ್ಕಪ್ಪನ ಕಂಬಳಿಯೂ ಇತ್ತು. ಬಾವಿಯ ಕಡೆಯಿಂದ ಅಜ್ಜಿ ಇಳಿದು ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲು ಇನ್ನೂ ಒದ್ದೆ. ತಲೆಯ ಮೇಲೆ ಬಿಳಿ ಪಂಚೆಯ ಗಂಟು, ಕೈಯಲ್ಲಿ ಅಕ್ಕಿಯ ಬಟ್ಟಲು. ಅಮ್ಮ ಓಡಿ ಹೋಗಿ ತಡೆದಳು.

"ಬ್ಯಾಡ ಅತ್ತೆ. ನಾಕು ಸಾಲು ತಾನೆ, ಹೋದ್ರೆ ಹೋಗ್ಲಿ. ನಂಗೆ ಭಯ ಆಗುತ್ತೆ."

"ಯಾತುಕ್ಕೆ ಭಯ? ನೀನು ಕೇಳಿದ್ಯೇನು? ಕೇಳಿದ್ರೆ ಕೊಡ್ತಿರ್ಲಿಲ್ಲ. ನಾನೇ ತಂದಿದೀನಿ. ಹಿಡ್ಕೋ ಆ ಕಡೆ. ಮೂಡಕ್ಕೆ ಮುಖ ಬರ್ಬೇಕು, ಹೂಂ, ಹಂಗೆ."

ಅತ್ತೆ ಸೊಸೆ ಇಬ್ಬರೂ ಆ ಕಡೆ ಈ ಕಡೆ ಹಿಡಿದು ಕಂಬಳಿ ಬಿಚ್ಚಿದರು. ನಾನು ಅದನ್ನು ಪೂರ್ತಿ ಬಿಚ್ಚಿದ್ದು ನೋಡಿದ್ದು ಆವತ್ತೇ. ಅಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ. ತಳದ ಸಾಲುಗಳನ್ನು ಮುಚ್ಚಿ ಇನ್ನೂ ಮಿಕ್ಕಿತು. ಅಜ್ಜಿ ಒಂದು ಮೂಲೆಯಲ್ಲಿ ಅಕ್ಕಿ ಹರವಿ, ಕುಂಕುಮ ಇಟ್ಟು, ಕೈಮುಗಿದಳು. "ದೇವ್ರನ್ನ ಕುಂದ್ರಿಸಿದ್ದೆ, ಮಕ್ಳನ್ನ ಕುಂದ್ರಿಸಿದ್ದೆ. ಈಗ ನೀನು ಕುಂತ್ಕಳಪ್ಪ," ಅಂದಳು ಆಲೂಗಡ್ಡೆಗೆ. ಚಿಕ್ಕಪ್ಪನಿಗೆ ನಗು ಬಂತು. ಅಪ್ಪ ಅವನ ಕಾಲು ತುಳಿದ.

ಮಾರನೆ ಬೆಳಿಗ್ಗೆ ಬಿಸಿಲು ಬರುವ ಮುಂಚೆಯೇ ಬಾಷಾ ಸಾಬರು ಬಂದರು. ಗಿಡ ಸುಟ್ಟ ದಿನವೇ ಚಿಕ್ಕಪ್ಪ ಫೋನ್ ಮಾಡಿಬಿಟ್ಟಿದ್ದನಂತೆ, ಆಮೇಲೆ ಬೇಡ ಅಂತ ಹೇಳಲು ಮರೆತಿದ್ದ. ಬೈಕು ಬಾವಿಯ ಹತ್ತಿರ ನಿಲ್ಲಿಸಿ, ಮಣ್ಣು ನೋಡಲು ಸೀದಾ ತಗ್ಗಿಗೆ ಇಳಿದರು. ಹೊಲದ ತುಂಬ ಮನೆಮಂದಿಯ ಹೊದಿಕೆ, ನಡುವೆ ಕೈಮುಗಿದ ಮುಖಂಡರು. ಸಾಬರು ಗಾಬರಿಯಾದರು. "ಯಾಕ್ರೀ, ಮನೇಲಿ ಏನಾಯ್ತು?" ಅಂತ ಕರಿ ಕಂಬಳಿಯ ಕಡೆ ಒಂದು ಹೆಜ್ಜೆ ಇಟ್ಟರು.

"ನಿಂತ್ಕಳ್ರಿ ಸಾಬ್ರೆ! ಗದ್ದಿಗೆ ಐತೆ!" ಅಜ್ಜಿ ಕೂಗಿದ್ದಕ್ಕೆ ಬಾವಿಯ ಕಟ್ಟೆಯ ಮೇಲಿದ್ದ ಕಾಗೆಗಳು ಹಾರಿದವು.

ಸಾಬರು ಅಲ್ಲೇ ನಿಂತರು. ಕೆಳಗೆ ನೋಡಿದರು. ಅಕ್ಕಿ, ಕುಂಕುಮ ಕಂಡವು. ಚಪ್ಪಲಿ ಕಳಚಿ ಕೈಗೆ ತಗೊಂಡು ಹಿಂದಕ್ಕೆ ಸರಿದರು.

"ಗೊತ್ತಾಗ್ಲಿಲ್ಲ ಅಜ್ಜಿ. ರುದ್ರೇಶಪ್ಪ ಮಣ್ಣು ಅಂದಿದ್ರು."

"ಮಣ್ಣು ಇತ್ತು ಸಾಬ್ರೆ. ಈಗ ಗದ್ದಿಗೆ ಹಾಸಾಯ್ತು. ಗದ್ದಿಗೆ ಹಾಸಿದ ಜಾಗದಾಗೆ ಗುದ್ಲಿ ಹಾಕ್ತಾರೇನು? ನೀವೇ ಹೇಳ್ರಿ."

"ನಂಗೂ ಬೇಡ ಬಿಡಿ. ನಮ್ಮ ಮನೆಯೋರಿಗೆ ಗೊತ್ತಾದ್ರೆ ನಂಗೆ ಊಟ ಹಾಕಲ್ಲ."

ಚಿಕ್ಕಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. "ಅವ್ವ, ಬೆಳೆ ಬರ್ಲಿ ನೋಡಾಣ ಅಂದಿದ್ಯಲ್ಲ?"

"ಬರ್ಲಿ, ಬರ್ದೆ ಇರ್ಲಿ. ಹಾಸಿದ್ಮೇಲೆ ಮುಗೀತು. ಹೊಲ ಸುಜಾತಂದು."

ಅಜ್ಜಿ ಅಮ್ಮನ ಹೆಸರು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಚೀಲ ಮಡಚುತ್ತಿದ್ದವಳು ಹಾಗೇ ಕೂತುಬಿಟ್ಟಳು. ಅಜ್ಜಿ ಇದನ್ನೆಲ್ಲ ಯೋಚನೆ ಮಾಡಿಯೇ ಕಂಬಳಿ ತಂದಿದ್ದಳೋ, ಇಲ್ಲ ಸಾಬರ ಕಾಲು ಕಂಡ ಮೇಲೆ ಹೊಳೆಯಿತೋ ನನಗೆ ಗೊತ್ತಿಲ್ಲ. ದೊಡ್ಡವನಾದ ಮೇಲೆ ಕೇಳಿದೆ. "ನಿಂಗ್ಯಾಕೆ ಅದೆಲ್ಲ," ಅಂದಳು.

ಚಳಿ ಆಮೇಲೆ ಸಡಿಲವಾಯಿತು. ಸುಟ್ಟ ಗಿಡದ ಬುಡದಿಂದ ಹೊಸ ಕವಲು ಬಂದವು, ಮೊದಲಿನಷ್ಟು ಎತ್ತರ ಅಲ್ಲ. ಅಮ್ಮ ಕೊಯ್ದುಹಾಕಿದ್ದ ಸಾಲು ಕೂಡ ಚಿಗುರಿತು, ಅದಕ್ಕೆ ಅವಳು ಬಹಳ ನಕ್ಕಳು. ತಳದ ಸಾಲುಗಳಲ್ಲಿ ಅರ್ಧ ಸತ್ತವು, ಅರ್ಧ ಉಳಿದವು. ಎಲ್ಲರಿಗಿಂತ ಮೊದಲು ಕೀಳುವುದು ಆಗಲಿಲ್ಲ, ಶಿವರಾತ್ರಿಯ ತನಕ ಕಾಯಬೇಕಾಯಿತು. ಗಡ್ಡೆ ಬಹಳಷ್ಟು ನಿಂಬೆಹಣ್ಣಿನ ಗಾತ್ರ. ಆದರೂ ಗಡ್ಡೆಯೇ. ಕಿತ್ತ ದಿನ ಅಮ್ಮ ಸಿಪ್ಪೆ ಸಮೇತ ಬೇಯಿಸಿ, ಬೆಳ್ಳುಳ್ಳಿ ಖಾರ ಹಾಕಿ ಹುರಿದು, ಜೋಳದ ರೊಟ್ಟಿಯ ಜೊತೆ ಬಡಿಸಿದಳು. ಅಜ್ಜಿ ಒಂದನ್ನು ಬಾಯಿಗೆ ಹಾಕಿಕೊಂಡಳು. ನಾವೆಲ್ಲ ಉಣ್ಣುವುದು ಬಿಟ್ಟು ನೋಡುತ್ತಿದ್ದೆವು.

"ವಾಯು," ಅಂದಳು. ತಟ್ಟೆ ಮುಂದಕ್ಕೆ ಸರಿಸಿದಳು. "ಇನ್ನೆಲ್ಡು ಹಾಕು."

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅದಕ್ಕೆ ಬೇಜಾರಿಲ್ಲ. ಗಿಡ ಕಪ್ಪಾದರೆ ಕುಡುಗೋಲು ತಗೊಳ್ಳುವ ಮೊದಲು ಬುಡ ಕೆರೆದು ನೋಡಬೇಕು ಅಂತ ಆ ತಗ್ಗಿನಲ್ಲಿ ಕಲಿತೆ. ಈಗ ಆ ಹೊಲದಲ್ಲಿ ನಾನು ಮತ್ತು ಅಮ್ಮ ಹಿಂಗಾರಿಗೆ ಆಲೂಗಡ್ಡೆ ಹಾಕುತ್ತೇವೆ, ತಳದ ಸಾಲು ಬಿಟ್ಟು. ಅಲ್ಲಿ ಅಜ್ಜಿಯ ಕುಂಬಳ. ಚಿಕ್ಕಪ್ಪನಿಗೆ ಮದುವೆಯಾಯಿತು, ಗದ್ದಿಗೆಗೆ ಅದೇ ಕಂಬಳಿ. ಅದನ್ನು ಎಷ್ಟು ಬಿಸಿಲಿಗೆ ಹಾಕಿದರೂ ಉಣ್ಣೆಯೊಳಗೆ ಕೂತ ಎರೆಮಣ್ಣು ಪೂರ್ತಿ ಹೋಗಲಿಲ್ಲ.

ಮೊನ್ನೆ ನನ್ನ ಮಗಳ ನಾಮಕರಣ. ಅಮ್ಮ ನಾಗಂದಿಗೆಯಿಂದ ಗಂಟು ಇಳಿಸಿ ನನ್ನ ಕೈಗೆ ಕೊಟ್ಟಳು. ಅಂಗಳಕ್ಕೆ ತಂದು ನಾನು ಜೋರಾಗಿ ಕೊಡವಿದೆ. ಸಣ್ಣಗೆ ಕಪ್ಪು ಧೂಳು ಉದುರಿತು. ಗೋಡೆಗೆ ಒರಗಿ ಕೂತಿದ್ದ ಅಜ್ಜಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕಿವಿ ಚೆನ್ನಾಗಿದೆ.

"ಮೆಲ್ಲಕ್ಕೆ ಕೊಡವೋ ತಿಪ್ಪೇಶಿ," ಅಂದಳು. "ನಿಮ್ಮವ್ವನ ಹೊಲ ಉದುರ್ತತೆ."